ಲಾವಿಯ ತಟ್ಟೆ

ರೇಷ್ಮೆ ನೂಲಿಗೆ ಬಳಿಯುವ ಗಂಜಿಯ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚಾಗುತ್ತದೆ. ಹೋದ ತಿಂಗಳು ರಜೆಗೆಂದು ಮೊಳಕಾಲ್ಮುರಿಗೆ ಹೋದಾಗಲೂ ಹಾಗೇ ಆಯಿತು. ಮೊದಲ ಬಸ್ಸಿಗೆ ಬಂದಿಳಿದಿದ್ದೆ. ಬಸ್ ಸ್ಟ್ಯಾಂಡಿನ ಎದುರಿನ ಸೀರೆ ಅಂಗಡಿಯ ಬೋರ್ಡಿನಲ್ಲಿ ನನ್ನ ಚಿಕ್ಕಪ್ಪನ ಮಗಳು ಲಾವಣ್ಯ ಇನ್ನೂ ನಿಂತಿದ್ದಳು. ಬಿಸಿಲಿಗೆ ಸೀರೆಯ ಬಣ್ಣ ಹೋಗಿದೆ, ಮುಖದ ಬಣ್ಣವೂ ಹೋಗಿದೆ, ಸೊಂಟ ಮಾತ್ರ ಹಾಗೇ ಇದೆ. ನನ್ನ ಜೊತೆ ಇಳಿದ ಹೆಂಗಸೊಬ್ಬಳು ತಲೆಯೆತ್ತಿ ನೋಡಿ, "ಎಷ್ಟು ಲಕ್ಷಣವಾಗವ್ಳೆ ನೋಡು" ಎಂದು ಮಗಳಿಗೆ ತೋರಿಸಿದಳು. ಆ ಸೀರೆ ನಾನು ಉಡಬೇಕಾಗಿದ್ದ ಸೀರೆ ಎಂದು ಅವಳಿಗೇನು ಗೊತ್ತು.

ನಮ್ಮ ಬೀದಿಗೆ ತಿರುಗಿದರೆ ಗಂಜಿಯ ವಾಸನೆ. ಸೀರೆಯ ಉದ್ದಕ್ಕೆ ಹೋಗುವ ನೂಲುಗಳನ್ನು ನಾವು ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಅಕ್ಕಿ ಗಂಜಿ ಬಳಿದು, ಬಿಸಿಲು ಏರುವುದರೊಳಗೆ ಒಣಗಿಸಿ ಸುತ್ತಬೇಕು. ಆವತ್ತು ಬೀದಿಯಲ್ಲಿದ್ದದ್ದು ನಮ್ಮ ಮನೆಯದೇ ಹಾಸು. ಅದರ ಆ ತುದಿಯ ಕೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಹಿಮ್ಮಡಿ ಊರಿ ನಿಂತಿದ್ದವಳು ಲಾವಿ. ಬೋರ್ಡಿನವಳಲ್ಲ, ನಿಜವಾದ ಲಾವಿ, ತೋಳಿನಲ್ಲಿ ಬಲವಿರುವವಳು. ನನ್ನನ್ನು ಕಂಡು ಗದ್ದ ಎತ್ತಿ ನಕ್ಕಳು, ಕೈ ಮಾತ್ರ ಬಿಡಲಿಲ್ಲ. ಇದೇ ಜಾಗದಲ್ಲಿ ಅವಳು ಕೈ ಬಿಟ್ಟ ಬೆಳಗು ನನಗೆ ನೆನಪಾಗದೆ ಇರಲಿಲ್ಲ.

ನಾವಿಬ್ಬರೂ ಸೆಕೆಂಡ್ ಪಿಯುಸಿಯಲ್ಲಿದ್ದ ವರ್ಷ ಅದು. ನಮ್ಮದು ತೆಲುಗು ಮಾತಾಡುವ ನೇಕಾರರ ಮನೆ. ಅಪ್ಪ, ಚಿಕ್ಕಪ್ಪ ಒಂದೇ ಹಜಾರದಲ್ಲಿ ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂರುವ ಎರಡು ಕುಣಿ ಮಗ್ಗ ಹಾಕಿಕೊಂಡು ನೇಯುತ್ತಿದ್ದರು. ಅಪ್ಪನ ತಾಯಿಯನ್ನು ನಾವು ತೆಲುಗಿನಲ್ಲೇ ನಾಯನಮ್ಮ ಎಂದು ಕರೆಯುತ್ತಿದ್ದೆವು. ಲಾವಿ ಮತ್ತು ನಾನು ಒಂದೇ ವರ್ಷ ಹುಟ್ಟಿದವರು, ನಾನು ಸ್ವಲ್ಪ ದೊಡ್ಡವಳು, ಇಬ್ಬರೂ ನಾಯನಮ್ಮನ ಕೈತುತ್ತಿನಿಂದ ದುಂಡಗೆ ಬೆಳೆದವರು. ಬೀದಿಯವರು ನಮ್ಮನ್ನು ಜೋಡಿ ಕುಂಬಳಕಾಯಿ ಎನ್ನುತ್ತಿದ್ದರು. ನನಗೆ ಅದರಿಂದ ಅಂಥಾ ಬೇಸರವೇನೂ ಇರಲಿಲ್ಲ. ತಮಾಷೆ ಇಬ್ಬರಿಗೂ ಹಂಚಿಹೋಗುತ್ತಿತ್ತು, ಒಬ್ಬೊಬ್ಬರ ಪಾಲಿಗೆ ಅರ್ಧರ್ಧ.

ಕಾಲೇಜಿಗೆ ನಾವು ಚಳ್ಳಕೆರೆಯಲ್ಲಿ ಅತ್ತೆಯ ಮನೆಯಲ್ಲಿದ್ದೆವು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಊರಿಗೆ ಬರುವುದು, ಸೋಮವಾರ ಬೆಳಿಗ್ಗೆ ವಾಪಸ್ಸು ಹೋಗುವುದು. ಅತ್ತೆಯ ಮನೆ ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿತ್ತು. ಶೇಂಗಾ ಬಿಸಿಯಾಗುವ ವಾಸನೆ ಆ ಓಣಿಯ ಗೋಡೆಗೂ ಹಾಸಿಗೆಗೂ ಒಗೆದು ಹಾಕಿದ ಬಟ್ಟೆಗೂ ಹತ್ತಿಕೊಂಡಿರುತ್ತಿತ್ತು. ಉಪವಾಸ ಮಾಡಲು ಅದಕ್ಕಿಂತ ಕೆಟ್ಟ ಜಾಗ ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಸಿಗಲಾರದು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹೊಸ ನಮೂನೆಯ ಮೊದಲ ಸೀರೆ ಮಗ್ಗದಿಂದ ಇಳಿದರೆ ಮನೆಯ ದೊಡ್ಡ ಹುಡುಗಿ ಅದನ್ನು ಉಟ್ಟು ಬೀದಿಯ ಕೊನೆಯವರೆಗೂ ನಡೆದು ಬರಬೇಕು. ಅಂಚು ಹೇಗೆ ಬೀಳುತ್ತದೆ, ಸೆರಗು ಹೇಗೆ ನಿಲ್ಲುತ್ತದೆ ಎಂದು ಹಿರಿಯರು ಕಟ್ಟೆಯ ಮೇಲೆ ಕೂತು ನೋಡುತ್ತಾರೆ. ಆ ವರ್ಷ ಅಪ್ಪ ಒಂದು ಹೊಸ ನಮೂನೆ ಹಿಡಿದಿದ್ದ. ನೇರಳೆ ಒಡಲು, ಅಂಚಿಗೆ ಸಾಲು ನವಿಲು. ಅದನ್ನು ಉಡುವ ಸರದಿ ನನ್ನದು. ನಾನು ಆ ನಡಿಗೆಯನ್ನು ಹಜಾರದಲ್ಲಿ ಯಾರೂ ಇಲ್ಲದಾಗ ಬೆಡ್‌ಶೀಟು ಸುತ್ತಿಕೊಂಡು ಎಷ್ಟೋ ಸಲ ನಡೆದು ನೋಡಿದ್ದೆ.

ಶ್ರಾವಣದ ಒಂದು ಭಾನುವಾರ ಅಂಗಡಿಯ ಸಾವ್ಕಾರರು ಮಗ್ಗ ನೋಡಲು ಬಂದರು. ನವಿಲಿನ ಅಂಚನ್ನು ಬೆರಳಿನಿಂದ ಸವರಿ ತುಂಬಾ ಮೆಚ್ಚಿಕೊಂಡರು.

"ಇದನ್ನ ಬರೀ ಬೀದೀಲಿ ಓಡಾಡ್ಸಿದ್ರೆ ಆಗಲ್ರಿ. ಫೋಟೊ ತೆಗ್ಸನ. ಅಂಗಡಿ ಬೋರ್ಡಿಗೂ ಹಾಕನ, ಗಿರಾಕಿಗಳ ಫೋನಿಗೂ ಕಳಿಸನ. ಹುಡುಗಿ ಯಾರಾದ್ರೂ ಸರಿ, ಸ್ವಲ್ಪ ಸಣ್ಣಗಿರ್ಲಿ. ಅಂಚು ಎದ್ದು ಕಾಣ್ತೈತೆ."

ಬಾಗಿಲಲ್ಲಿ ನಿಂತಿದ್ದ ನಮ್ಮಿಬ್ಬರ ಕಡೆ ತಿರುಗಿ ನಕ್ಕು, "ಸಂಕ್ರಾಂತಿ ಗಂಟ ಟೈಮ್ ಐತೆ. ಇಬ್ರಲ್ಲಿ ಯಾರು ಸಣ್ಣ ಆಗ್ತಾರೋ ಅವ್ರೇ ಉಟ್ಕಳ್ಲಿ" ಎಂದರು. ಅವರು ಕೆಟ್ಟ ಮನುಷ್ಯರಲ್ಲ, ಚಹಾ ಕುಡಿಯುತ್ತ ಆಡಿದ ಮಾತು. ಅಪ್ಪನೂ ನಕ್ಕ. ನನ್ನ ಸರದಿ ಹೋದದ್ದು ಆ ನಗುವಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಸೋಮವಾರದಿಂದಲೇ ಇಬ್ಬರೂ ಶುರು ಮಾಡಿದೆವು. ಲಾವಿಯ ಫೋನಿನಲ್ಲಿ ಒಬ್ಬಳು ಬರುತ್ತಿದ್ದಳು, ಯಾವ ಊರಿನವಳೋ. ದಿನಾ ಕನ್ನಡಿಯ ಮುಂದೆ ನಿಂತು, ಅಕ್ಕಿ ವಿಷ, ರಾಗಿ ವಿಷ, ಹಾಲು ವಿಷ ಎಂದು ಹೇಳಿ ಕೊನೆಗೆ ಸೊಂಟ ತೋರಿಸುತ್ತಿದ್ದಳು. ನಿಂಬೆಹಣ್ಣು, ಸೌತೆಕಾಯಿ, ಬಿಸಿನೀರು, ಇಷ್ಟರಲ್ಲೇ ಅವಳ ಬದುಕು. ನಾನು ಅವಳ ಮಾತು ನಂಬಿ ಒಂದು ಇಡೀ ದಿನ ತಡೆದುಕೊಂಡೆ. ಮರುದಿನ ಮಧ್ಯಾಹ್ನ ಕಾಲೇಜಿನಿಂದ ಬರುವಾಗ ಮಿಲ್ಲಿನ ಬಾಗಿಲಲ್ಲಿ ಬಿಸಿ ಶೇಂಗಾದ ಗಾಳಿ ಬೀಸಿತು. ಪಕ್ಕದಲ್ಲೇ ಮಂಡಕ್ಕಿ ಗಾಡಿ, ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ. ನಾನು ಗಾಡಿಯ ಮುಂದೆ ನಿಂತೆ. ಲಾವಿ ನಿಲ್ಲಲಿಲ್ಲ. ಮೂಗಿಗೆ ದುಪಟ್ಟಾ ಒತ್ತಿಕೊಂಡು ಮುಂದೆ ನಡೆದಳು. ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು ಅವಳ ಬೆನ್ನು ನೋಡುತ್ತ ನಿಂತಾಗ ನನಗೆ ಮೊದಲ ಸಲ ಅವಳ ಮೇಲೆ ಮೈ ಉರಿಯಿತು.

ಆಮೇಲೆ ಆ ಉರಿ ಆರಲೇ ಇಲ್ಲ. ಲಾವಿ ನನ್ನ ಕಣ್ಣೆದುರೇ ಕರಗತೊಡಗಿದಳು. ದಸರಾ ಹೊತ್ತಿಗೆ ಅವಳ ಚೂಡಿದಾರಗಳನ್ನೆಲ್ಲ ಟೈಲರ್ ಒಳಕ್ಕೆ ಹಿಡಿಯಬೇಕಾಯಿತು. ಕಾಲೇಜಿನ ಹುಡುಗಿಯರು, "ಏನ್ ಮಾಡ್ತಿದ್ದೀಯೇ, ನಮಗೂ ಹೇಳೇ" ಎಂದು ಅವಳನ್ನು ಸುತ್ತಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲೇ ಇಬ್ಬರ ಬ್ಯಾಗನ್ನೂ ಹಿಡಿದುಕೊಂಡು ನಿಂತಿರುತ್ತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಊರಿಗೆ ಹೋದರೆ ಬೀದಿಯವರು ಅವಳ ಗದ್ದ ಹಿಡಿದು ಮುಖ ತಿರುಗಿಸಿ ನೋಡುವರು, ನನ್ನ ಕಡೆ ನೋಡಿ, "ನೀನ್ಯಾವಾಗಮ್ಮ?" ಎನ್ನುವರು. ಜೋಡಿ ಕುಂಬಳಕಾಯಿಯಲ್ಲಿ ಈಗ ಒಂದೇ ಉಳಿದಿತ್ತು. ತಮಾಷೆ ಇಡಿಯಾಗಿ ನನ್ನ ಪಾಲಿಗೆ ಬಂತು.

ಅವಳಿಗೆ ಹೇಗೆ ಸಾಧ್ಯವಾಗುತ್ತಿದೆ ಎನ್ನುವುದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಏನೋ ಗುಟ್ಟಿದೆ, ನನಗೆ ಹೇಳುತ್ತಿಲ್ಲ ಅಂದುಕೊಂಡೆ. ಅದಕ್ಕೇ ಅವಳ ತಟ್ಟೆಯ ಮೇಲೆ ಕಣ್ಣಿಟ್ಟೆ. ಪುಸ್ತಕವನ್ನೂ ಅಷ್ಟು ಗಮನ ಕೊಟ್ಟು ನಾನು ಓದಿರಲಿಲ್ಲ. ಅತ್ತೆ ಮುದ್ದೆ ಬಡಿಸಿ ಒಳಗೆ ಹೋದರೆ ಲಾವಿ ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ಬರುತ್ತಿದ್ದಳು. ಮನೆಯಲ್ಲಿ, "ಕಾಲೇಜಲ್ಲೇ ತಿಂದ್ಕಂಡ್ ಬಂದೆ" ಎನ್ನುವಳು. ಕಾಲೇಜಿನಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗೆ, "ಬೆಳಿಗ್ಗೇದೇ ಹೊಟ್ಟೆ ತುಂಬೈತೆ" ಎನ್ನುವಳು. ಎರಡೂ ಕಡೆ ಇದ್ದವಳು ನಾನೊಬ್ಬಳೇ. ಹಿತ್ತಿಲಿಗೆ ಒಂದು ಬಡಕಲು ನಾಯಿ ಬರುತ್ತಿತ್ತು. ದೀಪಾವಳಿ ಹೊತ್ತಿಗೆ ಅದು ಮೈ ತುಂಬಿಕೊಂಡು ಹೊಳೆಯತೊಡಗಿತು. ಗುಟ್ಟು ಇಷ್ಟೇ ಎಂದು ನನಗೆ ಗೊತ್ತಾಯಿತು.

ಗೊತ್ತಾದ ಮೇಲೆ ನನ್ನ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಇಷ್ಟು ಸುಲಭದ್ದನ್ನೂ ನನ್ನಿಂದ ಮಾಡಲಾಗುತ್ತಿಲ್ಲವಲ್ಲ ಎಂದು ಇನ್ನಷ್ಟು ಹೆಚ್ಚಿತು. ಆದರೆ ನೋಡುವ ಅಭ್ಯಾಸ ಬಿದ್ದ ಕಣ್ಣು ನೋಡುತ್ತಲೇ ಹೋಯಿತು. ಚಳ್ಳಕೆರೆಯ ಬಿಸಿಲಿನಲ್ಲಿ ಅವಳು ಸ್ವೆಟರ್ ಹಾಕಿಕೊಳ್ಳತೊಡಗಿದಳು. ಕೈ ಮುಟ್ಟಿದರೆ ಗಡಿಗೆಯ ನೀರಿನಷ್ಟು ತಣ್ಣಗೆ. ಕ್ಲಾಸಿನಲ್ಲಿ ಓದಿದ್ದು ತಲೆಗೆ ಹತ್ತುತ್ತಿಲ್ಲ ಎಂದು ಸಿಡುಕುತ್ತಿದ್ದಳು, ಅವಳು ನನಗಿಂತ ಜಾಣೆ. ನಾವಿಬ್ಬರೂ ಒಂದೇ ಕಪಾಟು ಹಂಚಿಕೊಂಡಿದ್ದರಿಂದ ಅವಳ ಮುಟ್ಟು ನಿಂತಿರುವುದೂ ನನಗೆ ತಿಳಿಯಿತು. ಕೇಳಿದರೆ, "ಒಳ್ಳೇದೇ ಆಯ್ತಲ್ಲ ಬಿಡೇ, ಪರೀಕ್ಷೆ ವರ್ಷ" ಎಂದು ನಕ್ಕಳು.

ಒಂದು ಶನಿವಾರ ಊರಿಗೆ ಹೋದವಳೇ ಅಡುಗೆಮನೆಯಲ್ಲಿ ಲಾವಿಯ ತಾಯಿಯನ್ನು, ನನ್ನ ಚಿಕ್ಕಮ್ಮನನ್ನು, ಹಿಡಿದುಕೊಂಡೆ.

"ಚಿಕ್ಕಮ್ಮ, ಲಾವಿ ಏನೂ ಉಣ್ತಾ ಇಲ್ಲ. ಮುದ್ದೇನೆಲ್ಲ ನಾಯಿಗೆ ಹಾಕ್ತಾಳೆ."

ಚಿಕ್ಕಮ್ಮ ಹೆಚ್ಚುತ್ತಿದ್ದ ಈರುಳ್ಳಿಯಿಂದ ತಲೆ ಎತ್ತಲಿಲ್ಲ. "ಬಾಯಿ ಕಟ್ಟಿ ಸಣ್ಣ ಆಗವ್ಳೆ. ನಿನ್ನ ಕೈಲಿ ಆಗ್ಲಿಲ್ಲ ಅಂತ ಚಾಡಿ ಹೇಳಕ್ಕೆ ಬಂದಿದ್ದೀಯಾ?"

"ಚಾಡಿ ಅಲ್ಲ ಚಿಕ್ಕಮ್ಮ..."

"ಗೊತ್ತೈತೆ ಹೋಗೇ. ನಿನ್ನ ಮುಖದಲ್ಲೇ ಕಾಣ್ತೈತೆ ಹೊಟ್ಟೆಕಿಚ್ಚು."

ಕಾಣುತ್ತಿದ್ದದ್ದು ನಿಜವೇ. ಅಲ್ಲಿಂದ ಹೊರಗೆ ಬಂದೆ. ನನ್ನ ಅವ್ವನಿಗೆ ಹೇಳಿದೆ. ಅವಳು, "ಅವಳ ಉಸಾಬರಿ ನಿನಗ್ಯಾಕೆ, ನೀನು ಓದ್ಕ" ಎಂದಳು. ಅತ್ತೆ, "ಹುಡುಗೀರು ವಯಸ್ಸಿಗೆ ಬಂದಾಗ ಸಣ್ಣ ಆಗ್ತಾರೆ ಕಣೆ" ಎಂದಳು. ನಾನು ಹೇಳಿದ ಮಾತು ನಿಜ, ಹೇಳಿದವಳ ಮುಖ ಸರಿಯಿಲ್ಲ. ಹೀಗಾದರೆ ಮನುಷ್ಯ ಏನು ಮಾಡಬೇಕು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸಂಕ್ರಾಂತಿಯ ದಿನ ಫೋಟೊ. ಸೀರೆ ಉಡಿಸುವ ಕೆಲಸ ನನ್ನ ಪಾಲಿಗೆ ಬಂತು, ಮನೆಯಲ್ಲಿ ನೆರಿಗೆ ಹಿಡಿಯುವ ಕೈ ನನ್ನದೇ ಚೆನ್ನಾಗಿದೆ ಅಂತ. ಅಪ್ಪ ನೇಯ್ದ ನವಿಲುಗಳನ್ನು ನನ್ನ ಕೈಯಾರೆ ಅವಳ ಸೊಂಟಕ್ಕೆ ಸುತ್ತಿದೆ. ಸುತ್ತಿದಷ್ಟೂ ಸೀರೆ ಮಿಗುತ್ತಿತ್ತು. ಹೊಸ ರವಿಕೆ ಜೋತುಬೀಳುತ್ತಿತ್ತು, ಹಿಂದಿನಿಂದ ಪಿನ್ನು ಚುಚ್ಚಿ ಬಿಗಿ ಮಾಡಿದೆ. ಬೆನ್ನಿನ ಮೂಳೆಗಳು ಒಂದೊಂದೂ ಬೆರಳಿಗೆ ತಗುಲಿದವು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಅವಳು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಕಿಟಕಿಯಾಚೆ ಎಸೆದಳು. "ಯಾರಿಗೂ ಹೇಳ್ಬೇಡ ಪದ್ದಿ" ಎಂದಳು. ಹೇಳಿದರೆ ಯಾರು ಕೇಳುತ್ತಿದ್ದರು?

ಹೊರಗೆ ಬಿಸಿಲಿಗೆ ಬಂದು ನಿಂತಾಗ ಮಾತ್ರ ಅವಳು ದೇವತೆಯಂತೆ ಕಾಣುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ಅಷ್ಟು ಕಂಡ ಮೇಲೂ, ಆ ಪಿನ್ನುಗಳನ್ನು ನಾನೇ ಚುಚ್ಚಿದ್ದರೂ, ಅವಳ ಜಾಗದಲ್ಲಿ ನಾನಿರಬೇಕಿತ್ತು ಎಂದೇ ಅನ್ನಿಸಿತು. ಸಾವ್ಕಾರರು ಫೋಟೊ ತೆಗೆಸಿ, "ಅಂಚು ನೋಡ್ರಿ ಅಂಚು!" ಎಂದು ಎಲ್ಲರಿಗೂ ಫೋನು ತೋರಿಸಿದರು. ಬೋರ್ಡು ಮೇಲೇರಿತು. ನವಿಲಿನ ಸೀರೆ ಕೇಳಿಕೊಂಡು ಎಲ್ಲೆಲ್ಲಿಂದಲೋ ಫೋನು ಬರತೊಡಗಿದವು. ಮನೆಯಲ್ಲಿ ಎರಡೂ ಮಗ್ಗಕ್ಕೆ ಅದೇ ಹಾಸು ಏರಿಸುವುದೆಂದಾಯಿತು.

ರಥಸಪ್ತಮಿ ಕಳೆದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಹೊಸ ಹಾಸನ್ನು ಬೀದಿಯಲ್ಲಿ ಕಟ್ಟಿದೆವು. ಮನೆ ಮಂದಿಯೆಲ್ಲ ಬೀದಿಗೆ ಇಳಿಯುವ ಕೆಲಸ ಅದು. ನಾಯನಮ್ಮ ಬೆಳಗಾಗುವ ಮೊದಲೇ ಎದ್ದು ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸಿದ್ದಳು. ಅಪ್ಪ, ಚಿಕ್ಕಪ್ಪ ಕುಂಚದಿಂದ ಬಳಿಯುತ್ತ ಬರುತ್ತಿದ್ದರು. ಅವ್ವನೂ ನಾನೂ ನಡುವೆ ನಿಂತು ಅಂಟಿಕೊಂಡ ಎಳೆಗಳನ್ನು ಬಿಡಿಸುತ್ತಿದ್ದೆವು. ತುದಿಯ ಕೋಲು ಹಿಡಿದವಳು ಲಾವಿ. ಕೋಲು ಬಿಗಿಯಾಗಿದ್ದರೆ ಹಾಸು ನಿಲ್ಲುತ್ತದೆ, ಅಷ್ಟೇ ಕೆಲಸ. ಚಿಕ್ಕ ವಯಸ್ಸಿನಿಂದ ಇಬ್ಬರೂ ಮಾಡಿದ ಕೆಲಸ. ಗಂಜಿಯಿಂದ ಇನ್ನೂ ಹಬೆ ಏಳುತ್ತಿತ್ತು. ನಾನು ಎಳೆಯಿಂದ ತಲೆಯೆತ್ತಿ ನೋಡಿದೆ. ಲಾವಿ ಆ ಹಬೆಯ ಕಡೆಯೇ ನೋಡುತ್ತಿದ್ದಳು. ಆಮೇಲೆ ಕಣ್ಣು ಮೇಲಾಯಿತು, ಕೈ ಸಡಿಲವಾಯಿತು.

ಇಡೀ ಹಾಸು ಸರ್ರನೆ ನೆಲಕ್ಕೆ ಬಿತ್ತು. ಹಸಿ ಗಂಜಿಯ ನೂಲಿಗೆ ಬೀದಿಯ ಮಣ್ಣೆಲ್ಲ ಹತ್ತಿತು. ಚಿಕ್ಕಪ್ಪ ಮೊದಲು ಹಾಸಿನ ಕಡೆ ಓಡಿದ, ಆಮೇಲೆ ಮಗಳ ಕಡೆ. ಅದಕ್ಕೆ ಅವನು ಇವತ್ತಿಗೂ ಕೊರಗುತ್ತಾನೆ.

ಎತ್ತಿಕೊಂಡು ಹೋಗಿ ಹಜಾರದಲ್ಲಿ ಮಲಗಿಸಿ ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಅವಳು ಕಣ್ಣು ಬಿಟ್ಟಳು. ನಾಯನಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ದಿಷ್ಟಿ ತಗಿಲಿಂದಿ" ಎಂದಳು. ದೃಷ್ಟಿ ತಗುಲಿದೆ. ಬೋರ್ಡಿನ ಮೇಲೆ ಹುಡುಗಿಯನ್ನು ನಿಲ್ಲಿಸಿದರೆ ಊರ ಕಣ್ಣೆಲ್ಲ ಬೀಳದೆ ಇರುತ್ತದೆಯೇ? ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿ ಜೋರಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲವಂತೆ. ಬರಲಿಲ್ಲ. "ನೋಡ್ದಾ, ಒಬ್ರಿಗೂ ಕೆಮ್ಮು ಬರ್ಲಿಲ್ಲ" ಎಂದಳು ಚಿಕ್ಕಮ್ಮ. ಆಮೇಲೆ ನನ್ನ ಕಡೆ ತಿರುಗಿದಳು. "ಊರೋರ ಕಣ್ಣು ಯಾಕೆ ಅನ್ಬೇಕು. ಮನೆಯೊಳಗೇ ಇರ್ಬೇಕಾದ್ರೆ."

ಅವ್ವ ನನ್ನ ಕಡೆ ನೋಡದೆ ಲಾವಿಯ ಚಾಪೆ ಸರಿಮಾಡತೊಡಗಿದಳು. ಅದೇ ನನಗೆ ಹೆಚ್ಚು ಚುಚ್ಚಿತು.

ನಾಯನಮ್ಮ ಪರಿಹಾರವನ್ನೂ ಹೇಳಿದಳು. "ಅಮ್ಮೋರಿಗೆ ಹರಕೆ ಹೊತ್ಕಳ್ಲಿ. ಮಂಗಳವಾರ, ಶುಕ್ರವಾರ ಒಪ್ಪತ್ತು ಇರ್ಲಿ. ಎಲ್ಲಾ ಸರಿಹೋಗ್ತೈತೆ."

ಚಾಪೆಯ ಮೇಲೆ ಮಲಗಿದ್ದ ಲಾವಿ ತಟ್ಟನೆ ಎದ್ದು ಕೂತಳು. "ನಾನು ದಿನಾ ಇರ್ತೀನಿ ನಾಯನಮ್ಮ."

ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತ್ತು. ಇನ್ನು ನಾಯಿಯೂ ಬೇಡ, ಸುಳ್ಳೂ ಬೇಡ, ದೇವರ ಹೆಸರಿನಲ್ಲೇ ಉಪವಾಸ. "ನೋಡಿ, ಎಂಥಾ ಭಕ್ತಿ" ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಆ ಮುಖ ನೋಡಿ ಇವಳು ಸತ್ತೇ ಹೋಗುತ್ತಾಳೆ ಎಂದು ನನಗೆ ಅನ್ನಿಸಿದ್ದು ಆಗಲೇ.

"ನನ್ನ ಕಣ್ಣೇ ಬಿದ್ದಿರೋದು. ಹೌದು" ಎಂದೆ. ದನಿ ನನಗೇ ಗುರುತು ಸಿಗದಷ್ಟು ದೊಡ್ಡದಾಗಿತ್ತು. "ನನಗೆ ಹೊಟ್ಟೆಕಿಚ್ಚು ಐತೆ. ಆ ಸೀರೆ ನಂದು. ಶ್ರಾವಣದಿಂದ ಇವಳ ತಟ್ಟೇನ ನೋಡ್ಕಂತಾ ಬಂದಿದ್ದೀನಿ. ನಾನು ಸುಳ್ಳು ಹೇಳ್ತಿದ್ರೆ ಇವಳು ನನ್ನೆದುರಿಗೆ ಒಂದು ಮುದ್ದೆ ಉಣ್ಲಿ. ಉಂಡ್ರೆ ನಾನು ಈ ಮನೇಗೇ ಬರಲ್ಲ, ನನ್ನ ಕಣ್ಣೂ ಇವಳ ಮೇಲೆ ಬೀಳಲ್ಲ."

"ಏಯ್, ಮುಚ್ಚೇ ಬಾಯಿ" ಎಂದ ಅಪ್ಪ. ಆದರೆ ನಾಯನಮ್ಮ ಕೈಯೆತ್ತಿ ಅವನನ್ನು ತಡೆದಳು. ಅವ್ವನಿಂದ ಮುದ್ದೆ ತರಿಸಿದಳು. ಹುರುಳಿ ಸಾರು ಹಾಕಿದ ತಟ್ಟೆಯನ್ನು ಲಾವಿಯ ಮುಂದಿಟ್ಟು, "ತಿನು ತಲ್ಲೀ. ಒಕ್ಕ ಮುದ್ದ ತಿನು" ಎಂದಳು. ತಿನ್ನು ತಾಯಿ, ಒಂದು ತುತ್ತು ತಿನ್ನು.

ಲಾವಿ ನನ್ನನ್ನು ನೋಡಿದ ನೋಟ ನನಗೆ ಮರೆಯುವುದಿಲ್ಲ. ಸುಟ್ಟುಬಿಡುವ ಹಾಗಿತ್ತು. ಮುದ್ದೆ ಮುರಿದಳು. ಸಾರಿನಲ್ಲಿ ಅದ್ದಿದಳು. ಬಾಯಿಯ ಹತ್ತಿರ ತಂದಳು. ಸಾರು ಸ್ವೆಟರಿನ ತೋಳಿಗೆ ಇಳಿಯಿತು. ಬಾಯಿ ತೆರೆಯಲಿಲ್ಲ. ಮತ್ತೆ ತಟ್ಟೆಗೆ ಇಟ್ಟಳು, ಮತ್ತೆ ಎತ್ತಿದಳು. ಕೊನೆಗೆ ತುತ್ತನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅಳತೊಡಗಿದಳು.

"ಆಗ್ತಾ ಇಲ್ಲ ನಾಯನಮ್ಮ. ಹಸಿವು ಆಗ್ತೈತೆ. ಉಣ್ಣಕ್ಕೆ ಭಯ ಆಗ್ತೈತೆ."

ನಾಯನಮ್ಮ ಅವಳ ಸ್ವೆಟರಿನ ತೋಳನ್ನು ಮೇಲಕ್ಕೆ ಸರಿಸಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೂ ಕೈಯಾಡಿಸಿ ನೋಡಿದಳು. "ಇದಿ ದಿಷ್ಟಿ ಕಾದು" ಎಂದಳು ಚಿಕ್ಕಮ್ಮನಿಗೆ, ಮೆಲ್ಲಗೆ. ಇದು ದೃಷ್ಟಿಯಲ್ಲ. ಆಮೇಲೆ ಎದ್ದು ಒಳಗೆ ಹೋದಳು. ನೂಲಿಗೆಂದು ಕಾಯಿಸಿದ ಗಂಜಿ ಇನ್ನೂ ಅರ್ಧ ಪಾತ್ರೆ ಉಳಿದಿತ್ತು. ಒಂದು ಲೋಟಕ್ಕೆ ಬಗ್ಗಿಸಿಕೊಂಡು, ಉಪ್ಪು, ಮಜ್ಜಿಗೆ ಹಾಕಿ ತಂದು, ಲಾವಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ಬಾಯಿಗೆ ಹಾಕಿದಳು. ಲಾವಿ ಕಣ್ಣು ಮುಚ್ಚಿಕೊಂಡು ಅಷ್ಟಿಷ್ಟು ನುಂಗಿದಳು. ಹೊರಗೆ ಬೀದಿಯಲ್ಲಿ ಹಾಸು ಹಾಗೇ ಮಣ್ಣಿನಲ್ಲಿ ಬಿದ್ದಿತ್ತು, ಯಾರೂ ಎತ್ತಲು ಹೋಗಲಿಲ್ಲ.

ಮರುದಿನ ಚಿಕ್ಕಮ್ಮ ನಮ್ಮ ಜೊತೆ ಚಳ್ಳಕೆರೆಗೆ ಬಂದಳು. ಬಸ್ಸಿನಲ್ಲಿ ನನಗೆ ಬೆನ್ನು ತಿರುಗಿಸಿ ಮಗಳ ಪಕ್ಕ ಕೂತಳು. ಆಸ್ಪತ್ರೆಯ ಲೇಡಿ ಡಾಕ್ಟರು ಲಾವಿಯನ್ನು ಪರೀಕ್ಷೆ ಮಾಡಿ, ರಕ್ತಕ್ಕೆ ಬರೆದುಕೊಟ್ಟು, ಫೋನಿನ ಹೆಂಗಸಿನ ಕಥೆಯನ್ನೆಲ್ಲ ಸಮಾಧಾನದಿಂದ ಕೇಳಿದರು. ಬೈಯಲಿಲ್ಲ. "ನಿನ್ನ ಮೈ ಇಷ್ಟು ದಿನ ಏನು ತಿಂತು ಗೊತ್ತಾ? ಕೊಬ್ಬು ಒಂದೇ ಅಲ್ಲ. ನಿನ್ನ ತೋಳಿನ ಬಲ, ನಿನ್ನ ಮೂಳೆ, ನಿನ್ನ ಕೂದಲು, ನಿನ್ನ ರಕ್ತ" ಎಂದರು. ಚಿಕ್ಕಮ್ಮನಿಗೆ, "ಒಂದೇ ದಿನಕ್ಕೆ ತುಂಬಕ್ಕೆ ಹೋಗ್ಬೇಡಿ. ಸ್ವಲ್ಪ ಸ್ವಲ್ಪ, ಹೊತ್ತುಹೊತ್ತಿಗೆ. ವಾರ ವಾರ ನನ್ನ ಹತ್ರ ಕರ್ಕೊಂಡು ಬನ್ನಿ. ಭಯಕ್ಕೂ ಔಷಧಿ ಬೇಕು, ಅದು ಮಾತಿನ ಔಷಧಿ" ಎಂದರು.

ಆಮೇಲೆ ಮೂಲೆಯಲ್ಲಿ ಕೂತಿದ್ದ ನನ್ನ ಕಡೆ ನೋಡಿ, "ನೀನೂ ಬಾಮ್ಮ" ಎಂದು ತೂಕದ ಮಷಿನ್ ಹತ್ತಿಸಿದರು. ನನಗೆ ನಾಚಿಕೆಯಾಯಿತು. ಅವರು ನನ್ನ ಎತ್ತರವನ್ನೂ ಅಳೆದು, ಏನು ತಿನ್ನುತ್ತೀಯ ಎಂದು ಕೇಳಿದರು. ಮಂಡಕ್ಕಿ, ಬಜ್ಜಿ, ಬಾಟಲಿ ಜ್ಯೂಸು ಎಲ್ಲ ಹೇಳಿದೆ. ಕೊನೆಗೆ ನಮ್ಮಿಬ್ಬರಿಗೂ ಹೇಳಿದ್ದು ಒಂದೇ ಊಟ. ಮುದ್ದೆ, ಕಾಳು, ಸೊಪ್ಪು, ಮೊಟ್ಟೆ, ಮಜ್ಜಿಗೆ, ಹಣ್ಣು, ಬೇಯಿಸಿದ ಶೇಂಗಾ.

"ದಪ್ಪ ಆಗ್ಬೇಕಾದೋಳಿಗೂ ಸಣ್ಣ ಆಗ್ಬೇಕಾದೋಳಿಗೂ ಒಂದೇನಾ?" ಎಂದು ನಾನು ಕೇಳಿಯೇಬಿಟ್ಟೆ.

ಡಾಕ್ಟರು ನಕ್ಕರು. "ಇಬ್ಬರೂ ಬೆಳೆಯೋ ವಯಸ್ಸಿನೋರು ತಾನೆ? ನಿನಗೆ ಇಳಿಬೇಕು ಅಂತಿದ್ರೆ ಬಾಟಲಿ ಬಿಡು, ಬಜ್ಜಿ ಅಪರೂಪಕ್ಕೆ ಇಟ್ಕೋ, ನಡಿ, ನಿದ್ದೆ ಮಾಡು. ಊಟ ಬಿಡ್ಬೇಡ. ನಿಧಾನಕ್ಕೆ ಇಳಿದಿದ್ದು ನಿಲ್ಲುತ್ತೆ."

ನಿಧಾನಕ್ಕೆ ಎನ್ನುವ ಮಾತು ನನಗೆ ಸೇರಲಿಲ್ಲ. ಆದರೂ ಕಾಲೇಜಿಗೆ ಆಟೊ ಬಿಟ್ಟು ನಡೆಯತೊಡಗಿದೆ. ಲಾವಿಗೆ ಶಕ್ತಿ ಬರುವವರೆಗೂ ನಾನು ಅವಳನ್ನು ಆಟೊ ಹತ್ತಿಸಿ ಒಬ್ಬಳೇ ನಡೆದೆ, ಅದಕ್ಕೂ ಹೊಟ್ಟೆ ಉರಿಯಿತು. ಅತ್ತೆ ಅವಳ ಮುದ್ದೆಗೆ ತುಪ್ಪ ಹಾಕುವಳು, ನನ್ನದಕ್ಕೆ ಸೊಪ್ಪಿನ ಸಾರು ಹಾಕುವಳು. ಅವಳು ಒಂದು ಮೊಟ್ಟೆ ತಿಂದರೆ ಮನೆಯವರೆಲ್ಲ ಕಪ್ ಗೆದ್ದ ಹಾಗೆ ಖುಷಿಪಡುವರು. ನಾನು ಬಜ್ಜಿ ಗಾಡಿ ದಾಟಿ ಬಂದದ್ದನ್ನು ಯಾರೂ ನೋಡಲಿಲ್ಲ. ಎಲ್ಲವೂ ಸಲೀಸಾಗಿಯೂ ಆಗಲಿಲ್ಲ. ಇವತ್ತು ಚೆನ್ನಾಗಿ ಉಂಡಳು ಅಂದುಕೊಂಡರೆ ಮರುದಿನ ತುತ್ತನ್ನು ದುಪಟ್ಟಾದಲ್ಲಿ ಅಡಗಿಸುವಳು. ನಾನು ಹಿಡಿಯುವೆ, ಅವಳು ಬೈಯುವಳು, ಒಂದೆರಡು ಸಲ ನನ್ನ ಕೈ ಕಚ್ಚಿದ್ದೂ ಇದೆ. ಉಂಡ ಮೇಲೆ ಅವಳಿಗೆ ಗಾಬರಿಯಾಗುತ್ತಿತ್ತು. ಆಗ ಇಬ್ಬರೂ ಪಕ್ಕಪಕ್ಕ ಕೂತು ಜೋರಾಗಿ ಓದುತ್ತಿದ್ದೆವು. ಗಾಬರಿ ಇಳಿಯುವಷ್ಟರಲ್ಲಿ ಪಾಠ ಮುಗಿಯುತ್ತಿತ್ತು.

ಪರೀಕ್ಷೆ ಬರೆದೆವು. ಅವಳಿಗೆ ನನಗಿಂತ ಹೆಚ್ಚು ಅಂಕ ಬಂತು, ಅಷ್ಟೆಲ್ಲ ಆದ ಮೇಲೂ. ಅವಳ ಮುಟ್ಟು ಮರಳಲು ಬೇಸಿಗೆ ಕಳೆದು ಮಳೆಗಾಲ ಬರಬೇಕಾಯಿತು, ಕೂದಲು ಇನ್ನೂ ತಡ. ಮತ್ತೊಂದು ದಸರಾ ಹೊತ್ತಿಗೆ ಒಂದು ದಿನ ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದಾಗ ಹಿಂದಿನಿಂದ ಲಾವಿ, "ಪದ್ದಿ, ನಿನ್ನ ಕುರ್ತಾ ಸಡಿಲ ಆಗೈತೆ ಕಣೆ" ಎಂದಳು. ಆ ದನಿಯಲ್ಲಿ ಏನಿತ್ತು ಎಂದು ನನಗೆ ಚೆನ್ನಾಗಿ ಗೊತ್ತು, ಅದರಲ್ಲಿ ನಾನು ಪಳಗಿದವಳು. ನನಗೆ ಬಹಳ ಸಂತೋಷವಾಯಿತು. ಆಮೇಲೆ, ಇವಳು ಮತ್ತೆ ಊಟ ಬಿಟ್ಟರೆ ಎಂದು ಹೆದರಿಕೆಯಾಗಿ, ಆ ದಿನ ಅವಳ ಪಕ್ಕದಲ್ಲಿ ಕೂತೇ ಊಟ ಮಾಡಿದೆ.

ಹೋದ ತಿಂಗಳ ಆ ಬೆಳಿಗ್ಗೆ ಹಾಸು ಒಣಗಿ ಸುತ್ತಿದ್ದಾಯಿತು. ಲಾವಿ ಈಗ ಚಿಕ್ಕಪ್ಪನ ಮಗ್ಗದಲ್ಲಿ ಕೂರುತ್ತಾಳೆ, ನಮೂನೆಗಳನ್ನೂ ಅವಳೇ ಬರೆಯುತ್ತಾಳೆ. ನಾನು ಚಿತ್ರದುರ್ಗದಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ, ಊಟದ ಬಿಡುವಿನಲ್ಲಿ ಹುಡುಗಿಯರ ಡಬ್ಬಿಗಳ ಕಡೆ ನನ್ನ ಕಣ್ಣು ತಾನಾಗಿ ಹೋಗುತ್ತದೆ. ಇಬ್ಬರೂ ಹಜಾರದಲ್ಲಿ ಊಟಕ್ಕೆ ಕೂತೆವು. ಚಿಕ್ಕಮ್ಮ ಬಡಿಸಿದಳು. ಸಾವ್ಕಾರರು ಬೋರ್ಡು ಬದಲಾಯಿಸುತ್ತಾರಂತೆ ಎಂದು ಲಾವಿ ಹೇಳಿದಳು.

"ಬದಲಾಯಿಸ್ಲಿ ಬಿಡು, ಅದನ್ನ ನೋಡಿದ್ರೆ ನನಗೆ ಇನ್ನೂ ಉರಿತೈತೆ" ಎಂದೆ.

"ಯಾಕೆ, ಸೀರೆಗಾ?"

"ಸೀರೆಗೂ, ಸೊಂಟಕ್ಕೂ." ಆಮೇಲೆ ಕೇಳಿದೆ, "ಆವತ್ತು ಎಲ್ಲರ ಮುಂದೆ ನಿನ್ನ ಕೂರಿಸಿದ್ನಲ್ಲ. ಸಿಟ್ಟಿಲ್ವಾ?"

"ಐತೆ" ಎಂದಳು ಲಾವಿ, ಮುದ್ದೆ ಮುರಿಯುತ್ತ. "ಆದ್ರೆ ಆ ವರ್ಷ ಎಲ್ರೂ ನನ್ನ ಸೊಂಟ ನೋಡಿದ್ರು ಪದ್ದಿ. ತಟ್ಟೆ ನೋಡಿದೋಳು ನೀನೊಬ್ಳೇ."

"ಹೊಟ್ಟೆಕಿಚ್ಚಿಗೆ ನೋಡಿದ್ದು ಕಣೆ."

"ಗೊತ್ತು. ಈಗ್ಲೂ ಒಂದೊಂದು ದಿನ ಆ ಭಯ ಬರ್ತೈತೆ. ನೀನು ನೋಡ್ತಾ ಇರು."

ಅವಳು ತುತ್ತನ್ನು ಸಾರಿಗೆ ಅದ್ದಿ ಬಾಯಿಗಿಟ್ಟಳು. ಅವಳ ಮುದ್ದೆ ನನ್ನದಕ್ಕಿಂತ ದೊಡ್ಡದಿತ್ತು, ಚಿಕ್ಕಮ್ಮ ಈಗಲೂ ಹಾಗೇ. ನನ್ನ ಸಾರು ಆರುತ್ತಿತ್ತು. ಅವಳ ತಟ್ಟೆ ಖಾಲಿಯಾಗುವವರೆಗೆ ನಾನು ನೋಡುತ್ತ ಕೂತೆ.